ಆಹಾರವಿಜ್ಞಾನವು ಯಾರ ಊಟಕ್ಕೆ?

ವರ್ಷಂಪ್ರತಿ ಪ್ರವೇಶಪರೀಕ್ಷೆಯ ಫಲಿತಾಂಶಗಳು ಹೊರಬಿದ್ದೊಡನೆ ನಮ್ಮ ಜಿಲ್ಲೆಯ ತಂದೆತಾಯಂದಿರ ಚಿತ್ತವು ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳ ಕಡೆಗೆ ಹರಿಯುತ್ತದೆ. ಆಹಾರವಿಜ್ಞಾನವೆಂಬ ಇನ್ನೊಂದು ಬಾಗಿಲು ಮಂಗಳೂರಿನಲ್ಲಿಯೇ ಅರ್ಧ ಶತಮಾನಕ್ಕೂ ಮಿಕ್ಕಿ ತೆರೆದಿದೆಯೆಂಬುದು ಅನೇಕರ ಲಕ್ಷ್ಯಕ್ಕೆ ಬಂದಂತೆ ಕಾಣುವುದಿಲ್ಲ. ಎಕ್ಕೂರಿನ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ, ಭಾರತದಲ್ಲಿ ಈ ಬಗೆಯ ಮೊದಲನೆಯ ಕಾಲೇಜೆಂಬ ಹೆಸರಿನೊಡನೆ ಹುಟ್ಟಿತು. ಈಗ ಅದು ಬೀದರದಲ್ಲಿ ಕೇಂದ್ರವುಳ್ಳ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಲ್ಲಿ ನಾಲ್ಕು ವರ್ಷ ವ್ಯಾಸಂಗ ಮಾಡುವವರು ಮೀನು ಸಾಕುವುದನ್ನಷ್ಟೇ ಅಲ್ಲ, ಅದನ್ನು ಶೈತ್ಯದಲ್ಲಿರಿಸುವ, ಒಣಗಿಸುವ, ಡಬ್ಬಿಯಲ್ಲಿ ತುಂಬುವ ಕ್ರಮಗಳನ್ನೂ ಅದನ್ನು ಕೆಡಿಸುವ ಸೂಕ್ಷ್ಮಜೀವಿಗಳ ಸ್ವಭಾವವನ್ನೂ ಕಲಿಯುತ್ತಾರೆ. ಸಾರ್ವಜನಿಕರ ಹಣದಿಂದ ನಡೆಯುವ ಈ ವಿದ್ಯೆಯು ಯಾರ ಊಟಕ್ಕೆ ಒದಗಬೇಕೆಂಬುದೇ ಇಂದು ನಾವು ಎತ್ತುವ ಪ್ರಶ್ನೆ.

ಈ ವಿದ್ಯೆಯ ಬೆಲೆಯನ್ನು ತಿಳಿಯಲು ಒಂದು ಬಂಗುಡೆ ಸಾಕು. ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಪದಾರ್ಥವು ವಿಶೇಷವಾಗಿ ಇರುತ್ತದೆ. ಹಿಡಿದ ಮೀನು ಬಿಸಿಲಿನಲ್ಲಿ ಕೆಲವು ಗಂಟೆ ಬಿದ್ದಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದವನಿಗೆ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಮೀನಿನ ಬಣ್ಣವೂ ವಾಸನೆಯೂ ಕೆಟ್ಟಂತೆ ತೋರದಿರಬಹುದು. ಅದಕ್ಕಿಂತ ಮುಖ್ಯವಾದುದೇನೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ. ಗೃಹಿಣಿಯ ಎಚ್ಚರಿಕೆಯೆಲ್ಲ ಅಲ್ಲಿ ವ್ಯರ್ಥ. ಹಿಡಿದ ಕೂಡಲೇ ಶುದ್ಧ ನೀರಿನ ಮಂಜುಗಡ್ಡೆಯಲ್ಲಿ ಹುದುಗಿಸಿ, ಶೂನ್ಯ ಡಿಗ್ರಿಯ ಸಮೀಪಕ್ಕೆ ತರುವುದೊಂದೇ ಉಪಾಯ. ಊಟದ ಕ್ಷೇಮವು ದೋಣಿಯಲ್ಲಿಯೇ ನಿಶ್ಚಯವಾಗುತ್ತದೆ.

ಈ ತಿಳಿವಳಿಕೆಯು ನಮ್ಮಲ್ಲಿ ಇಲ್ಲವೆಂದಲ್ಲ. ಎಕ್ಕೂರಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರು ನಡೆಸಿದ ಸಂಶೋಧನೆಯು ದೇಶದೇಶಗಳಲ್ಲಿ ಮನ್ನಣೆ ಪಡೆಯಿತು. ಅವರಲ್ಲಿ ಮೊದಲನೆಯವರು ರೋಮ್ ನಗರದಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘದಲ್ಲಿ ಅಧಿಕಾರಿಯಾಗಿಯೂ ಸೇವೆ ಸಲ್ಲಿಸಿದರು. 1997ರಲ್ಲಿ ಐರೋಪ್ಯ ಒಕ್ಕೂಟವು ಶುಚಿತ್ವದ ಲೋಪಗಳನ್ನು ಮುಂದೊಡ್ಡಿ ಭಾರತದ ಮೀನಿಗೆ ಬಾಗಿಲು ಮುಚ್ಚಿದಾಗ, ರಫ್ತಿನ ಕಾರ್ಖಾನೆಗಳು ನೀರು, ಮಂಜುಗಡ್ಡೆ, ಕೆಲಸಗಾರರ ಕೈ ಎಲ್ಲವನ್ನೂ ಪರೀಕ್ಷೆಗೆ ಒಳಪಡಿಸಿ ಆ ಬಾಗಿಲನ್ನು ಮತ್ತೆ ತೆರೆಯಿಸಿಕೊಳ್ಳಬೇಕಾಯಿತು. ಪರದೇಶದ ಉಣ್ಣುವವನಿಗಾಗಿ ಆತನ ಸರಕಾರವು ಮಾತನಾಡಿತು, ನಮ್ಮವರು ಕೇಳಿದರು. ಆದರೆ ಬಂದರಿನ ಧಕ್ಕೆಯಿಂದ ಬುಟ್ಟಿಯಲ್ಲಿ ನಮ್ಮ ಬೀದಿಗೆ ಬರುವ ಮೀನಿನ ಪರವಾಗಿ ಮಾತನಾಡುವವರು ಯಾರು?

ಕಾನೂನು ಇದೆಯಲ್ಲ ಎಂದು ಅಧಿಕಾರಿವರ್ಗದವರು ಹೇಳಿಯಾರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಇರುವುದು ನಿಜ. ಆದರೆ ಅದೇ ಕಾಯಿದೆಯ 18ನೆಯ ಕಲಮು ರೈತನನ್ನೂ ಮೀನುಗಾರನನ್ನೂ ಅವರವರ ಕೆಲಸದ ಮಟ್ಟಿಗೆ ಕಾಯಿದೆಯಿಂದ ಹೊರಗಿಟ್ಟಿದೆ. ಬಡ ದುಡಿಮೆಗಾರನನ್ನು ಇನ್‌ಸ್ಪೆಕ್ಟರನ ಕಾಟಕ್ಕೆ ಒಪ್ಪಿಸದಿರುವ ಈ ಏರ್ಪಾಡು ನ್ಯಾಯವೇ ಸರಿ. ನಾವು ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಅದರ ಅರ್ಥವನ್ನು ಗ್ರಹಿಸಬೇಕು. ಕೇಡು ಹುಟ್ಟುವುದು ದೋಣಿಯಲ್ಲಿ. ಕಾನೂನಿನ ಕೈ ಅಲ್ಲಿಗೆ ನೀಡದು. ದಂಡವು ಹೋಗಲಾರದ ಕಡೆಗೆ ವಿದ್ಯೆಯೇ ಹೋಗಬೇಕು. ಸಾರ್ವಜನಿಕ ವಿಶ್ವವಿದ್ಯಾಲಯವಲ್ಲದೆ ಇನ್ನಾರು ಅದನ್ನು ಒಯ್ದಾರು?

ಪದವೀಧರರು ಸಂಬಳ ಹೆಚ್ಚಿರುವಲ್ಲಿಗೆ ಹೋಗುತ್ತಾರೆಂದು ಅವರನ್ನು ದೂರುವುದು ಸಲ್ಲದು. ವಿದ್ಯಾರ್ಥಿಗೂ ಮನೆಯುಂಟು, ಸಾಲವುಂಟು. ಮೀನುಗಾರನನ್ನು ದೂರುವುದಂತೂ ಇನ್ನೂ ಅನ್ಯಾಯ. ಮಂಜುಗಡ್ಡೆಗೆ ಹಣ ತೆರಬೇಕು. ಚೆನ್ನಾಗಿ ತಣಿಸಿದ ಮೀನಿಗೂ ಬಿಸಿಲಲ್ಲಿ ಬಾಡಿದ ಮೀನಿಗೂ ಹರಾಜಿನಲ್ಲಿ ಒಂದೇ ಬೆಲೆ ಕೂಗಿದರೆ ಆತನು ಯಾವ ಆಸೆಯಿಂದ ಆ ವೆಚ್ಚವನ್ನು ಹೊತ್ತಾನು? ಆದುದರಿಂದ ವಿಜ್ಞಾನದ ಬೋಧೆಯೂ ಬೆಲೆಯ ಬೋಧೆಯೂ ಜೊತೆಯಾಗಿ ನಡೆಯಬೇಕು.

ನಮ್ಮ ಸೂಚನೆಗಳು ಮೂರೇ. ಈ ಪದವಿಯ ಪಠ್ಯಕ್ರಮದಲ್ಲಿ ಗ್ರಾಮಾನುಭವಕ್ಕೂ ಕಾರ್ಖಾನೆಯ ಅನುಭವಕ್ಕೂ ಸ್ಥಳವುಂಟು. ಅದರ ಒಂದು ಗಣನೀಯ ಭಾಗವು ಧಕ್ಕೆಯಲ್ಲಿಯೂ ದೋಣಿಗಳಲ್ಲಿಯೂ, ತುಳು ಕನ್ನಡಗಳಲ್ಲಿ, ಕಳೆಯಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನಗಳು ಇಂತಹ ಬೋಧೆಗೆ ಒದಗಿ ಬಂದ ಕಾಲ. ಎರಡನೆಯದಾಗಿ, ಮಂಜುಗಡ್ಡೆಯ ಮತ್ತು ಮೀನಿನ ಪರೀಕ್ಷೆಯ ಫಲವು ಕಡತದಲ್ಲಿ ಮಲಗದೆ ಮಾರುಕಟ್ಟೆಯ ಹಲಗೆಯ ಮೇಲೆ ಕನ್ನಡದಲ್ಲಿ ಕಾಣಿಸಲಿ; ಕೊಳ್ಳುವವನು ತಿಳಿದರೆ ಒಳ್ಳೆಯ ಮೀನಿಗೆ ಒಳ್ಳೆಯ ಬೆಲೆ ತಾನಾಗಿ ಬರುವುದು. ಮೂರನೆಯದಾಗಿ, ಈ ಕೆಲಸಕ್ಕೆ ಕಲಿತವರನ್ನೇ ನೇಮಿಸುವ ಭಾರವನ್ನು ನಗರಪಾಲಿಕೆಯೂ ಸರಕಾರವೂ ಹೊರಲಿ.

ಬೀದರವು ಕಡಲಿಗೆ ದೂರ, ಬೆಂಗಳೂರೂ ದೂರವೇ. ಆದರೆ ಎಕ್ಕೂರಿನಿಂದ ಧಕ್ಕೆಗೆ ಕೆಲವೇ ಮೈಲಿಗಳ ದಾರಿ. ಇಷ್ಟು ಸಮೀಪದ ದಾರಿಯನ್ನು ನಡೆಯುವುದಕ್ಕೆ ಇನ್ನೊಂದು ದೇಶದ ನಿಷೇಧಾಜ್ಞೆಯನ್ನು ನಾವು ಕಾಯಬೇಕೆ? ಹೊರದೇಶದವನ ತಟ್ಟೆಗೆ ಸಲ್ಲುವ ಶುಚಿತ್ವವು ಮಂಗಳೂರಿನ ಕೂಲಿಗಾರನ ಗಂಜಿಯೂಟದ ಬಂಗುಡೆಗೂ ಸಲ್ಲತಕ್ಕದ್ದೇ ಎಂಬುದನ್ನು ವಿಶ್ವವಿದ್ಯಾಲಯದ ಆಡಳಿತದವರು ಮನಗಾಣಲೆಂದು ಹಾರೈಸುತ್ತೇವೆ.