ದೊಡ್ಡವರಾದ ಮೇಲೆ ಆಟಿಸಂ ಪತ್ತೆ: ಮೊಬೈಲ್ ಟೆಸ್ಟ್ ಸಾಕೇ, ಡಾಕ್ಟರ್ ಬಳಿ ಹೋಗಬೇಕೇ?

"ಈ 10 ಪ್ರಶ್ನೆಗಳಿಗೆ ಉತ್ತರಿಸಿ, ನಿಮಗೆ ಆಟಿಸಂ ಇದೆಯೇ ತಿಳಿಯಿರಿ" ಎನ್ನುವ ಲಿಂಕ್‌ಗಳು ಮೊಬೈಲ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಅದರ ಬೆನ್ನಿಗೇ "ಆಟಿಸಂ ಮಕ್ಕಳ ಕಾಯಿಲೆ, ದೊಡ್ಡವರಿಗೆ ಇರುವುದಿಲ್ಲ" ಎನ್ನುವ ಮಾತೂ ಬರುತ್ತದೆ. ಬಸವಕಲ್ಯಾಣದಲ್ಲೋ ಹುಮನಾಬಾದ್‌ನಲ್ಲೋ ಕುಳಿತು ಇವೆರಡನ್ನೂ ಓದುವ ಮೂವತ್ತರ ಆಸುಪಾಸಿನವರು ಯಾವುದನ್ನು ನಂಬಬೇಕು? ಎರಡನ್ನೂ ನಂಬುವಂತಿಲ್ಲ. ಏಕೆ ಎಂದು ನೋಡೋಣ.

ಆಟಿಸಂ ದೊಡ್ಡವರಿಗೂ ಇರುತ್ತದೆಯೇ?

ಇರುತ್ತದೆ. ಆಟಿಸಂ ಅಥವಾ ಸ್ವಲೀನತೆ ಎಂದರೆ ಮಿದುಳಿನ ಬೆಳವಣಿಗೆಯಲ್ಲಿ ಚಿಕ್ಕಂದಿನಿಂದಲೇ ಇರುವ ಭಿನ್ನತೆ. ದೊಡ್ಡವರಾದ ಮೇಲೆ ಅದು ಹೊಸದಾಗಿ ಬರುವುದಿಲ್ಲ, ವಯಸ್ಸಾದಂತೆ ತಾನಾಗಿ ಮಾಯವಾಗುತ್ತದೆ ಎಂದೂ ಅಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಮೊದಲ ಬಾರಿಗೆ ಆಟಿಸಂ ಬಗ್ಗೆ ವಿವರವಾಗಿ ಬರೆದಾಗ ಅದರಲ್ಲಿದ್ದ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. ಆ ಮಗು ಬೆಳೆದು, ಬ್ಯಾಂಕಿನಲ್ಲಿ ಕೆಲಸ ಮಾಡಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯ ಪ್ರಕಾರ ಬಸವಕಲ್ಯಾಣ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಅದೇ ಪ್ರಮಾಣ ಇಲ್ಲೂ ಇದೆ ಎಂದುಕೊಂಡರೆ ಈ ಒಂದು ಪಟ್ಟಣದಲ್ಲೇ 500ಕ್ಕೂ ಹೆಚ್ಚು ಜನ ಆಗುತ್ತಾರೆ. ಇದು ನಮ್ಮ ಸರಳ ಲೆಕ್ಕ, ಸಮೀಕ್ಷೆಯಲ್ಲ. ಆ ಜನಗಣತಿಯ ಅಂಗವೈಕಲ್ಯದ ಪಟ್ಟಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲೇ ಇಲ್ಲ.

ಹಾಗಾದರೆ ಇಷ್ಟು ವರ್ಷ ಏಕೆ ಗೊತ್ತಾಗಲಿಲ್ಲ?

ಒಂದು, ನಿಯಮಗಳೇ ಬದಲಾಗಿವೆ. ಮಾತು ಚೆನ್ನಾಗಿ ಬರುವ, ಓದಿನಲ್ಲಿ ಮುಂದಿರುವ ಮಕ್ಕಳಿಗೆ ಮೊದಲು ಬೇರೆ ಹೆಸರು ಕೊಡುತ್ತಿದ್ದರು, ಇಲ್ಲವೇ ಗಮನಿಸುತ್ತಲೇ ಇರಲಿಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ವೈದ್ಯಕೀಯ ಕೈಪಿಡಿ ಅವರೆಲ್ಲರನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದಿತು. ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲೂ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅದು ಸೇರಿತು.

ಎರಡು, ಮರೆಮಾಚುವಿಕೆ. ಹಲವರು ಬೇರೆಯವರನ್ನು ನೋಡಿ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಔಪಚಾರಿಕ ಮಾತು ಎಲ್ಲವನ್ನೂ ಬಾಯಿಪಾಠದಂತೆ ಕಲಿತಿರುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು ಎನ್ನುತ್ತವೆ ಅಧ್ಯಯನಗಳು. ಊರವರ ಕಣ್ಣಿಗೆ ಅವರು "ಶಾಣ್ಯಾ ಇದ್ದಾನ, ಖರೆ ಮಂದಿ ಜೋಡಿ ಬೆರೆಯಂಗಿಲ್ಲ" ಅಷ್ಟೇ. ಹೊಸ ಕೆಲಸ, ಮದುವೆ, ಕೂಡುಕುಟುಂಬ ಎಂದು ಒತ್ತಡ ಹೆಚ್ಚಾದಾಗ ಈ ಕಲಿಕೆ ಸಾಲದೆ ಹೋಗುತ್ತದೆ. ದೊಡ್ಡವರಾದ ಮೇಲೆ ತೊಂದರೆ ಎದ್ದು ಕಾಣುವುದು ಹೀಗೆ.

ಮೊಬೈಲ್ ಟೆಸ್ಟ್ ಏನು ಹೇಳುತ್ತದೆ?

ಇಂತಹ ಹಲವು ಟೆಸ್ಟ್‌ಗಳ ಮೂಲ, ಕೇಂಬ್ರಿಡ್ಜ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ 50 ಪ್ರಶ್ನೆಗಳ ಪಟ್ಟಿ. ಅದರ 10 ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ತಜ್ಞರ ಬಳಿ ಕಳಿಸಬೇಕೇ ಬೇಡವೇ ಎಂದು ನಿರ್ಧರಿಸಲು ಮಾತ್ರ ಅದು ನೆರವಾಗುತ್ತದೆ. ಅತಿಯಾದ ಆತಂಕ, ಗೀಳು, ಎಡಿಎಚ್‌ಡಿ ಇರುವವರಿಗೂ ಅಂಕ ಹೆಚ್ಚು ಬರಬಹುದು. ಮೇಲಾಗಿ ಪ್ರಶ್ನೆಗಳು ಬೇರೆ ಸಮಾಜದವು. ಪಾರ್ಟಿಗಿಂತ ಗ್ರಂಥಾಲಯ ಇಷ್ಟವೇ ಎಂದು ಕೇಳಿದರೆ, ಜಾತ್ರೆ, ಲಗ್ನ, ಮನೆತುಂಬ ನೆಂಟರ ನಡುವೆ ಬೆಳೆದವರು ಏನೆಂದು ಉತ್ತರಿಸಬೇಕು? ಅಂಕ ಹೆಚ್ಚು ಬಂದರೆ ಆಟಿಸಂ ಖಚಿತವಲ್ಲ, ಕಡಿಮೆ ಬಂದರೆ ಇಲ್ಲ ಎಂದೂ ಅಲ್ಲ.

ನಿಜವಾದ ಪತ್ತೆ ಹೇಗೆ ನಡೆಯುತ್ತದೆ?

ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದರಿಂದಲೂ ಆಟಿಸಂ ಇದೆ ಎಂದು ಹೇಳಲಾಗದು. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ವಿವರವಾಗಿ ಮಾತಾಡಿಸಿ, ಗಮನಿಸಿ, ಬೇರೆ ಕಾರಣಗಳನ್ನು ಬದಿಗಿಟ್ಟು ತೀರ್ಮಾನಿಸುತ್ತಾರೆ. ಇದಕ್ಕೆ ಒಂದಕ್ಕಿಂತ ಹೆಚ್ಚು ಭೇಟಿ ಬೇಕಾಗಬಹುದು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಾಲ್ಯದ ನೆನಪು. ಲಕ್ಷಣಗಳು ಚಿಕ್ಕಂದಿನಿಂದ ಇದ್ದವು ಎಂಬುದು ಗೊತ್ತಾಗಲೇಬೇಕು. ಮಾತು ಯಾವಾಗ ಬಂತು, ಒಬ್ಬನೇ ಆಡುತ್ತಿದ್ದನೇ, ಶಬ್ದಕ್ಕೆ ಕಿವಿ ಮುಚ್ಚುತ್ತಿದ್ದನೇ, ಒಂದೇ ಊಟಕ್ಕೆ ಹಟ ಹಿಡಿಯುತ್ತಿದ್ದನೇ ಎಂಬುದು ತಾಯಿಗೋ ಅಕ್ಕನಿಗೋ ಹಳೆಯ ಮೇಷ್ಟ್ರಿಗೋ ನೆನಪಿರುತ್ತದೆ. ಬೀದರ್ ಜಿಲ್ಲೆಯ ಮನೆಗಳಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು, ಲಂಬಾಣಿ, ತೆಲುಗು ಮಾತುಗಳಿವೆ. ತಾಯಿ ತನ್ನ ಭಾಷೆಯಲ್ಲಿ ಹೇಳುವುದನ್ನು ಡಾಕ್ಟರಿಗೆ ತಿಳಿಸುವವರು ಜೊತೆಗಿರಲಿ. ಹೋಗುವ ಮೊದಲೇ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೆಯ ಶಾಲಾ ದಾಖಲೆ ಇದ್ದರೆ ಒಯ್ಯಿರಿ.

ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮನೋಚೈತನ್ಯ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಎಂದು ಮೊದಲೇ ವಿಚಾರಿಸಿ. ಮುಂದಿನ ಹಂತ ಬೀದರ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್. ಹುಮನಾಬಾದ್‌ನಿಂದ ಸುಮಾರು 50, ಬಸವಕಲ್ಯಾಣದಿಂದ ಸುಮಾರು 80 ಕಿಲೋಮೀಟರ್. ಅಲ್ಲೂ ಸ್ಪಷ್ಟವಾಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಗೂ ಹೋಗುವ ಧೈರ್ಯವಿಲ್ಲದಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಆಟಿಸಂ ಪತ್ತೆಯಾಗುವುದಿಲ್ಲ, ಆದರೆ ದಾರಿ ಸಿಗುತ್ತದೆ.

ಪತ್ತೆಯಾದರೆ ಪ್ರಮಾಣಪತ್ರ ಸಿಗುತ್ತದೆಯೇ?

ಇವೆರಡೂ ಬೇರೆ ಬೇರೆ. ಪ್ರಮಾಣಪತ್ರಕ್ಕಾಗಿ ಐಎಸ್‌ಎಎ ಎಂಬ ಭಾರತೀಯ ಅಳತೆಪಟ್ಟಿ ಬಳಸುತ್ತಾರೆ. ಅದರಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಇದ್ದರೆ ಆ ಪಟ್ಟಿಯ ಲೆಕ್ಕದಲ್ಲಿ ಆಟಿಸಂ ಇಲ್ಲ. ಮರೆಮಾಚಲು ಕಲಿತ ವಯಸ್ಕರಿಗೆ ಅಂಕ ಕಡಿಮೆ ಬರುವ ಸಾಧ್ಯತೆ ಇದೆ. ಹಾಗಾಗಿ ಹೊರಗೆ ಕಾಣುವುದನ್ನಷ್ಟೇ ಅಲ್ಲ, ಒಳಗೆ ಪಡುವ ಕಷ್ಟವನ್ನೂ ಹೇಳಿ. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಂತಹ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಔಷಧಿಯೇ ಇಲ್ಲದಿದ್ದರೆ ತಿಳಿದು ಏನು ಪ್ರಯೋಜನ?

ಆಟಿಸಂ ಅನ್ನೇ ತೆಗೆದುಹಾಕುವ ಮಾತ್ರೆ ಇಲ್ಲ ಎಂಬುದು ನಿಜ. "ಸ್ಟೆಮ್ ಸೆಲ್‌ನಿಂದ ಗುಣವಾಗುತ್ತದೆ" ಎನ್ನುವ ಜಾಹೀರಾತುಗಳಿಗೆ ಹಣ ಸುರಿಯಬೇಡಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಅದನ್ನು ಶಿಫಾರಸು ಮಾಡಲಾಗದು ಎಂದಿದೆ. "ಲಗ್ನ ಮಾಡಿದರ ಸರಿ ಹೋಗ್ತಾನ" ಎಂಬುದೂ ಪರಿಹಾರವಲ್ಲ, ಅದರಿಂದ ಇನ್ನೊಂದು ಜೀವಕ್ಕೂ ಕಷ್ಟ.

ಆದರೆ ಆಟಿಸಂ ಇರುವ ವಯಸ್ಕರಲ್ಲಿ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಉಳಿದವರಿಗಿಂತ ಹೆಚ್ಚು. ಇವಕ್ಕೆ ಚಿಕಿತ್ಸೆ ಇದೆ, ಕಾರಣ ತಿಳಿದರೆ ಆ ಚಿಕಿತ್ಸೆಯನ್ನು ಅವರಿಗೆ ಹೊಂದುವಂತೆ ಕೊಡಬಹುದು. ಕೆಲಸವನ್ನು ಬಾಯಲ್ಲಿ ಹೇಳುವ ಬದಲು ಬರೆದುಕೊಡುವುದು, ನಿಗದಿತ ಸಮಯ, ಗದ್ದಲವಿಲ್ಲದ ಮೂಲೆ, ಮನೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿರಲು ಬಿಡುವುದು, ಇವಕ್ಕೆ ಹೆಚ್ಚು ಖರ್ಚೂ ಇಲ್ಲ. ಸೊಕ್ಕು, ಸೋಮಾರಿತನ ಎಂದು ವರ್ಷಗಟ್ಟಲೆ ಬೈಸಿಕೊಂಡವರಿಗೆ ಅದು ತಮ್ಮ ತಪ್ಪಲ್ಲ ಎಂದು ತಿಳಿಯುವುದೇ ದೊಡ್ಡ ಸಮಾಧಾನ.

ಟೆಸ್ಟ್ ಲಿಂಕ್ ಬಂದರೆ ಮಾಡಿ ನೋಡಿ, ತಪ್ಪಿಲ್ಲ. ಆದರೆ ಅದರ ಅಂಕ ನೋಡಿ ನಿಮಗೋ ಗ್ರೂಪಿನಲ್ಲಿರುವ ಇನ್ನೊಬ್ಬರಿಗೋ ಹಣೆಪಟ್ಟಿ ಅಂಟಿಸಬೇಡಿ. ಬದುಕು ನಿಜವಾಗಿಯೂ ಕಷ್ಟವಾಗಿದ್ದರೆ, ಅಂಕ ಎಷ್ಟೇ ಬಂದಿರಲಿ, ಅಮ್ಮನ ಹತ್ತಿರ ಕುಳಿತು ನಿಮ್ಮ ಬಾಲ್ಯದ ಬಗ್ಗೆ ಕೇಳಿ ಬರೆದುಕೊಳ್ಳಿ. ಡಾಕ್ಟರ್ ಬಳಿ ಒಯ್ಯಬೇಕಾದ್ದು ಆ ಹಾಳೆ.