ತಟ್ಟೆಯ ಅಂಚಿನ ಹೂವು

ಹೋದ ವರ್ಷ ಬೆಂಗಳೂರಿಗೆ ಹೋದಾಗ ಮಗ ನಮ್ಮನ್ನೆಲ್ಲ ದೊಡ್ಡದೊಂದು ಹೋಟೆಲಿಗೆ ಕರೆದುಕೊಂಡು ಹೋದ. ದುಡ್ಡು ಕೊಟ್ಟವನು ಅವನು, ಹಾಗಾಗಿ ಬಿಲ್ಲಿನ ವಿಷಯ ನಾನು ಎತ್ತುವುದಿಲ್ಲ. ಊಟದ ಕೊನೆಗೆ ಬಂದ ಸಿಹಿತಿಂಡಿಯ ಪಕ್ಕದಲ್ಲಿ ಒಂದು ನೇರಳೆ ಹೂವು ಮತ್ತು ಎರಡು ಕಿತ್ತಳೆ ಬಣ್ಣದ ಎಸಳು ಇದ್ದವು. ಮೊಮ್ಮಗಳು ಕೇಳಿದಳು, "ಅಜ್ಜೀ, ಇದನ್ನ ತಿನ್ನಬಹುದಾ?" ನನಗೂ ಗೊತ್ತಿರಲಿಲ್ಲ. ಬಡಿಸುವ ಹುಡುಗನನ್ನು ಕರೆದು ಕೇಳಿದೆ. ಪಾಪ, ಒಳಗೆ ಹೋಗಿ ಯಾರನ್ನೋ ವಿಚಾರಿಸಿಕೊಂಡು ಬಂದು, "ತಿನ್ನಬಹುದು ಮೇಡಂ, ಆದ್ರೆ ಯಾರೂ ತಿನ್ನಲ್ಲ" ಅಂದ.

ನನ್ನ ಜಗಳ ಇರುವುದು ಆ ಉತ್ತರದ ಜೊತೆ. ತಿನ್ನಬಹುದಾದ್ದನ್ನು, ಆದರೆ ಯಾರೂ ತಿನ್ನದೇ ಇರುವುದನ್ನು, ಊಟದ ತಟ್ಟೆಯಲ್ಲಿ ಯಾಕೆ ಇಡಬೇಕು? ತಟ್ಟೆ ಒಳಗೆ ಹೋದ ಮೇಲೆ ಆ ಹೂವು ಎಂಜಲಿನ ಜೊತೆ ತೊಟ್ಟಿಗೆ ಹೋಗುತ್ತದೆ. ದೇವರಿಗೆ ಏರಿಸಿದ್ದರೆ ನಿರ್ಮಾಲ್ಯವಾಗಿಯಾದರೂ ಗಿಡದ ಬುಡ ಸೇರುತ್ತಿತ್ತು.

ನಾನು ಸಾಗರದ ಕಡೆಯವಳು. ನಮ್ಮ ಕಡೆ ಹೂವು ಊಟದ ಅಂಚಿನಲ್ಲಿ ಕೂರುವ ವಸ್ತುವಲ್ಲ, ಅನ್ನದ ಜೊತೆ ಕಲಸಿಕೊಳ್ಳುವ ವಸ್ತು. ಕೊಡಸಿಗದ ಹೂವು, ಕೇಪಳದ ಹೂವು, ದಾಸವಾಳ, ಯಾವುದಾದರೂ ಸರಿ. ಎರಡು ಹನಿ ತುಪ್ಪದಲ್ಲಿ ಜೀರಿಗೆ, ಮೆಣಸಿನ ಕಾಳಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಆಯಿತು. ಸಿಹಿಗುಂಬಳದ ಹೂವಾದರೆ ಪಲ್ಯ, ಇಲ್ಲವೇ ಅಕ್ಕಿಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿ. ಇದಕ್ಕೆ ಯಾರೂ 'ಖಾದ್ಯ ಪುಷ್ಪ' ಎಂದು ಹೆಸರಿಟ್ಟಿರಲಿಲ್ಲ. ಹೆಸರಿಟ್ಟ ಮೇಲೆ ತಿನ್ನುವವರು ಕಡಿಮೆಯಾದರು, ಚಿತ್ರ ತೆಗೆಯುವವರು ಹೆಚ್ಚಾದರು.

ನಾನು ಹೇಳಬೇಕೆಂದಿರುವುದು ಇಷ್ಟೇ. ತಿನ್ನುವ ಹೂವನ್ನು ಕೊಳ್ಳಬಾರದು, ಬೆಳೆಯಬೇಕು. ಆದಷ್ಟೂ ಬೀಜದಿಂದ ಬೆಳೆಯಬೇಕು. ಆ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಕು. ಇದಿಷ್ಟನ್ನು ಮಾಡಲಾರದವರು ಹೂವಿನ ಅಡುಗೆಯ ಬಗ್ಗೆ ಭಾಷಣ ಮಾಡಬಾರದು.

ಕೊಳ್ಳಬಾರದು ಏಕೆಂದು ಕೇಳುತ್ತೀರಿ. ನಾನೂ ಒಮ್ಮೆ ಕೊಂಡವಳೇ. ಗುಲ್ಕನ್ ಮಾಡುವ ಹುಮ್ಮಸ್ಸಿನಲ್ಲಿ ಪೇಟೆಯಿಂದ ಎರಡು ಸೇರು ಗುಲಾಬಿ ತಂದು ಬಿಸಿನೀರಿಗೆ ಹಾಕಿದೆ. ಎದ್ದ ವಾಸನೆ ಗುಲಾಬಿಯದ್ದಲ್ಲ. ತೋಟಕ್ಕೆ ಔಷಧಿ ಹೊಡೆದ ದಿನ ಬರುವ ವಾಸನೆ. ಮಾರನೆಯ ದಿನ ಹೂವಿನವಳನ್ನು ಕೇಳಿದರೆ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, "ಅಮ್ಮಾ, ಮುಡಿಯೋ ಹೂವನ್ನ ಯಾರಾದ್ರೂ ತಿಂತಾರಾ?" ಅಂದಳು. ಅವಳದ್ದೇನೂ ತಪ್ಪಿಲ್ಲ. ತರಕಾರಿಗಾದರೆ ಔಷಧಿ ಹೊಡೆದು ಇಷ್ಟು ದಿನ ಕಾಯಬೇಕು ಎಂಬ ಲೆಕ್ಕವಿದೆ, ಪಾಲಿಸುವವರೂ ಕೆಲವರಿದ್ದಾರೆ. ಹಾರಕ್ಕೆ, ಮುಡಿಗೆ ಬೆಳೆದ ಹೂವಿಗೆ ಆ ಲೆಕ್ಕ ಯಾರು ಇಡುತ್ತಾರೆ? ಮೊಗ್ಗಿಗೆ ಹುಳ ಬೀಳಬಾರದು, ಸಂಜೆಯವರೆಗೆ ಬಾಡಬಾರದು, ಅಷ್ಟಾದರೆ ಅವರ ಕೆಲಸ ಮುಗಿಯಿತು.

ದೇವರ ಹೂವೆಲ್ಲ ಒಳ್ಳೆಯದು ಎಂಬ ನಂಬಿಕೆಯೂ ಬೇಡ. ಕಣಗಿಲೆ ವಿಷ, ಉಮ್ಮತ್ತ ವಿಷ, ಗೌರಿಹಬ್ಬಕ್ಕೆ ಬೇಲಿಯಿಂದ ಕಿತ್ತು ತರುವ ಆ ಚಂದದ ಗೌರಿ ಹೂವೂ ವಿಷವೇ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯಕ್ಕೂ ಪ್ರಸಾದಕ್ಕೂ ಕಣಗಿಲೆ ಬಳಸಬಾರದೆಂದು ತೀರ್ಮಾನಿಸಿತು. ದೇವರಿಗೆ ಏರಿಸಬಹುದಾದದ್ದು ಮನುಷ್ಯನ ಹೊಟ್ಟೆಗೆ ಆಗಲಿಕ್ಕಿಲ್ಲ ಎಂದು ಒಪ್ಪಿಕೊಳ್ಳಲು ನಮಗೆ ಇಷ್ಟು ಕಾಲ ಬೇಕಾಯಿತು. ಯಾವ ಹೂವೆಂದು ಹೆಸರು ಹಿಡಿದು ಹೇಳಲಾರದವರು ಅದನ್ನು ಬಾಯಿಗೆ ಇಡಬಾರದು. ಹೆಸರು ತಪ್ಪದಿರಬೇಕಾದರೆ ಬೀಜವನ್ನು ನೀವೇ ಊರಿರಬೇಕು. ನರ್ಸರಿಯಿಂದ ತಂದ ಗಿಡ ಅಲ್ಲಿ ಏನೇನು ಕುಡಿದು ಬಂದಿದೆಯೋ ನಿಮಗೆ ತಿಳಿಯದು. ಬೀಜದಿಂದ ಎದ್ದ ಗಿಡದ ಜಾತಕ ಮೊದಲ ದಿನದಿಂದ ನಿಮ್ಮ ಕೈಯಲ್ಲಿರುತ್ತದೆ.

ಇಷ್ಟು ಹೇಳಿದರೆ ನಮ್ಮನೆಯವರಂಥವರು ಎದ್ದು ನಿಲ್ಲುತ್ತಾರೆ. "ಹೂವು ಕಿತ್ತು ಪಲ್ಯ ಮಾಡಿದರೆ ಕಾಯಿ ಎಲ್ಲಿಂದ ಬರಬೇಕು?" ನಲವತ್ತು ವರ್ಷ ಅಡಿಕೆ ತೋಟ ಮಾಡಿದ ಗಂಡಸಿನ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ನನ್ನ ಅತ್ತೆ ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಹೇಳಿಕೊಟ್ಟಿದ್ದರು. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವಿಗೆ ತೆಳ್ಳಗಿನ ಉದ್ದ ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟದೊಂದು ಕಾಯಿ ಮೊದಲೇ ಕೂತಿರುತ್ತದೆ. ಗಂಡು ಹೂವುಗಳು ಮೊದಲು ಬರುತ್ತವೆ, ಲೆಕ್ಕದಲ್ಲೂ ಬಹಳ ಹೆಚ್ಚು. ಬೆಳಗಿನ ಜಾವ ಅರಳಿದರೆ ಮಧ್ಯಾಹ್ನದ ಹೊತ್ತಿಗೆ ಮುದುಡಿ ಮುಗಿಯಿತು, ಮತ್ತೆ ಅರಳುವುದಿಲ್ಲ. "ಜೇನು ಬಂದು ಹೋಗಲಿ, ಆಮೇಲೆ ಗಂಡು ಹೂವು ಕಿತ್ತುಕೋ. ಹೆಣ್ಣು ಹೂವಿಗೆ ಕೈ ಹಚ್ಚಿದರೆ ಮನೆಗೆ ನಷ್ಟ ಕಣೇ" ಎನ್ನುತ್ತಿದ್ದರು. ಯಾವ ಕೃಷಿ ಕಾಲೇಜಿಗೂ ಹೋದವರಲ್ಲ. ನಾನು ಶಾಲೆಯಲ್ಲಿ ಪರಾಗಸ್ಪರ್ಶದ ಪಾಠ ಮಾಡುವಾಗಲೆಲ್ಲ ಅವರ ಮಾತನ್ನೇ ಹೇಳುತ್ತಿದ್ದೆ, ಮಕ್ಕಳಿಗೆ ಬೇಗ ಹತ್ತುತ್ತಿತ್ತು.

1991-92ರ ಹೊತ್ತಿಗೆ ಥಾಯಿ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಕುಟುಂಬಗಳು ಸಾಲುಸಾಲಾಗಿ ನಾಶವಾದವು. ಆಗ ಅತ್ತೆ ಬೆಳಗಾಗೆದ್ದು ಗಂಡು ಹೂವಿನ ಎಸಳು ಬಿಡಿಸಿ, ಅದರ ನಡುವಿನ ಕೇಸರವನ್ನು ಹೆಣ್ಣು ಹೂವಿಗೆ ತಾಗಿಸುತ್ತ ಹಿತ್ತಿಲಲ್ಲಿ ಓಡಾಡುತ್ತಿದ್ದರು. ಬಿಡಿಸಿದ ಎಸಳೆಲ್ಲ ಸೆರಗಿನಲ್ಲಿ. ಅದೇ ಮಧ್ಯಾಹ್ನದ ಪಲ್ಯ. ಜೇನು ಹೊರಡದ ಜಡಿಮಳೆಯ ದಿನ ನಾನು ಈಗಲೂ ಹಾಗೇ ಮಾಡುತ್ತೇನೆ. ಹೂವು ತಿಂದರೆ ಕಾಯಿ ಹೋಗುತ್ತದೆ ಎನ್ನುವವರು ಬಳ್ಳಿಯ ಹತ್ತಿರ ಹೋಗಿ ನೋಡಿದವರಲ್ಲ.

ಇನ್ನೊಂದು ಗುಂಪಿನವರು ಬೇರೆ ರಾಗ ಎಳೆಯುತ್ತಾರೆ. ಹೋಟೆಲಿನ ಹೂವು ಪರದೇಶದ್ದು, ನಮ್ಮ ಸಂಸ್ಕೃತಿಯದ್ದಲ್ಲ, ಅದಕ್ಕೇ ಬೇಡ ಎನ್ನುತ್ತಾರೆ. ಇವರ ಜೊತೆಗೂ ನಾನಿಲ್ಲ. ನಮ್ಮ ಸಿಹಿಗುಂಬಳವೇ ಅಮೆರಿಕ ಖಂಡದಿಂದ ಬಂದದ್ದು. ನಮ್ಮಲ್ಲಿ ಕೆಲವರು ಅದನ್ನು ಚೀನಿಕಾಯಿ ಎನ್ನುತ್ತಾರೆ, ಹೆಸರಿನಲ್ಲೇ ಹೊರಗಿನ ವಾಸನೆ ಇದೆ. ನಸ್ಟರ್ಷಿಯಂ ಎಂಬ ಹೂವು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯದ್ದು. ಮಳೆ ಕಳೆದು ಚಳಿ ಶುರುವಾಗುವಾಗ ಬೀಜ ಹಾಕಿದರೆ ನಮ್ಮಲ್ಲೂ ಸೊಗಸಾಗಿ ಬರುತ್ತದೆ. ಗೊಬ್ಬರ ಮಾತ್ರ ಹೆಚ್ಚು ಹಾಕಬಾರದು, ಹಾಕಿದರೆ ಎಲೆಯೇ ಎಲೆ. ಹೂವೂ ಎಲೆಯೂ ಸಾಸಿವೆಯ ಹಾಗೆ ಮೂಗಿಗೆ ಏರುತ್ತವೆ. ನಾನು ಕೋಸಂಬರಿಗೆ ಹಾಕಿದ್ದೇನೆ, ಚೆನ್ನಾಗಿಯೇ ಇತ್ತು. ಯಾವ ಹಡಗಿನಲ್ಲಿ ಬಂತು ಎಂಬುದು ನನ್ನ ತಕರಾರಲ್ಲ. ಹಿತ್ತಿಲಿಗೆ ಬಂದು ಬೇರು ಬಿಟ್ಟಿತೇ, ಹೊಟ್ಟೆಗೆ ಹೋಯಿತೇ, ನಾನು ಕೇಳುವುದು ಅಷ್ಟೇ.

ತಮಾಷೆ ನೋಡಿ, ನಮ್ಮ ಬೇಲಿಯ ಶಂಖಪುಷ್ಪವನ್ನೇ ಒಣಗಿಸಿ, ಡಬ್ಬಿಗೆ ತುಂಬಿ, 'ನೀಲಿ ಚಹಾ' ಎಂದು ನಮಗೇ ಮಾರುತ್ತಿದ್ದಾರೆ. ನಿಂಬೆ ಹಿಂಡಿದರೆ ನೀಲಿ ಹೋಗಿ ನೇರಳೆಯಾಗುತ್ತದೆ ಎಂದು ಮಕ್ಕಳು ಕುಣಿಯುತ್ತವೆ. ಕುಣಿಯಲಿ. ಆದರೆ ಅದರ ಬೀಜಕ್ಕೆ ಗಟ್ಟಿ ಸಿಪ್ಪೆ ಇದೆ, ಒಂದು ರಾತ್ರಿ ನೀರಲ್ಲಿ ನೆನೆಸಿ ಊರಿದರೆ ಬೇಗ ಮೊಳೆಯುತ್ತದೆ, ಒಂದು ಹಗ್ಗ ಕಟ್ಟಿದರೆ ಸಾಕು, ತಿಂಗಳುಗಟ್ಟಲೆ ಹೂವು ಕೊಡುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಬರೆದರೆ ಎರಡನೆಯ ಡಬ್ಬಿ ಯಾರು ಕೊಳ್ಳುತ್ತಾರೆ?

ಬೀಜದ ಮಾತಿಗೆ ಬರುತ್ತೇನೆ. ಅಂಗಡಿಯ ಹೈಬ್ರಿಡ್ ಬೀಜವನ್ನು ನಾನು ಬೈಯುವುದಿಲ್ಲ, ತರಕಾರಿ ಮಾರಿ ಬದುಕುವವರಿಗೆ ಅದು ಬೇಕು. ಆದರೆ ಅದರ ಕಾಯಿಯ ಬೀಜ ಊರಿದರೆ ತಾಯಿಯಂತೆ ಬರುವುದಿಲ್ಲ, ಮರುವರ್ಷ ಮತ್ತೆ ಅಂಗಡಿಗೇ ನಡೆಯಬೇಕು. ಸಂತೆಗೆ ಬೇಕಾದ್ದು ಕಾಯಿ. ಸೌತೆಯಲ್ಲಿ ಬಹುಪಾಲು ಹೆಣ್ಣು ಹೂವನ್ನೇ ಬಿಡುವ ತಳಿಗಳನ್ನು ಆಗಲೇ ಮಾಡಿದ್ದಾರೆ. ಸಂತೆಯ ಲೆಕ್ಕದಲ್ಲಿ ಗಂಡು ಹೂವು ದಂಡ, ಅಡುಗೆಮನೆಯ ಲೆಕ್ಕದಲ್ಲಿ ಅದೇ ಪಲ್ಯ. ಮಧ್ಯಾಹ್ನಕ್ಕೆ ಬಾಡುವ ಈ ಹೂವು ನಮ್ಮ ಊರಿನ ಪೇಟೆಗೆ ಎಂದೂ ಬರುವುದಿಲ್ಲ. ಕಲ್ಕತ್ತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರಂತೆ, ಅಲ್ಲಿ ಕೊಂಡು ತಿನ್ನುವ ಜನ ಇದ್ದಾರೆ. ನಮ್ಮಲ್ಲಿ ಹಿತ್ತಿಲಿನ ಯಾರೋ ಒಬ್ಬರು ಬೀಜ ಊರುವುದನ್ನು ನಿಲ್ಲಿಸಿದರೆ ಆ ಮನೆಗೆ ಆ ರುಚಿ ಅಲ್ಲಿಗೆ ಮುಗಿಯಿತು.

ನಮ್ಮ ಮನೆಯಲ್ಲೇ ಮುಗಿಯುವುದರಲ್ಲಿತ್ತು. ಅತ್ತೆ ತೀರಿಕೊಂಡ ವರ್ಷ ಯಾರಿಗೂ ಬೀಜದ ನೆನಪಾಗಲಿಲ್ಲ. ಮರುವರ್ಷ ನನಗೆ ಮೊಣಕಾಲು ನೋವು. ಅದರ ಮರುವರ್ಷ ಹಿತ್ತಿಲ ಅರ್ಧಕ್ಕೆ ಕಾಂಕ್ರೀಟು ಬಿತ್ತು, ಕಾರು ನಿಲ್ಲಿಸಲು. ಆಮೇಲೊಂದು ದಿನ ಅಟ್ಟ ಗುಡಿಸುವಾಗ ಅವರ ಹಳೆಯ ಡಬ್ಬಿ ಸಿಕ್ಕಿತು. ಬೂದಿಯ ನಡುವೆ ಏಳು ಬೀಜ. ಹುಳ ಹೊಡೆದಿರಲಿಲ್ಲ, ಆದರೆ ನಾಲ್ಕು ವರ್ಷ ಹಳೆಯವು. ರೋಹಿಣಿ ಮಳೆ ಬಿದ್ದ ಮೇಲೆ ಉಳಿದ ಅರ್ಧ ಹಿತ್ತಿಲಲ್ಲಿ ಮಣ್ಣು ಏರಿಸಿ, ಹಳೆಯ ಸಗಣಿಗೊಬ್ಬರ ಹಾಕಿ ಏಳನ್ನೂ ಊರಿದೆ. ದಿನಾ ಬೆಳಿಗ್ಗೆ ನೋಡುವುದು, ಸುಮ್ಮನೆ ಒಳಗೆ ಬರುವುದು. ಹತ್ತನೆಯ ದಿನಕ್ಕೆ ಎರಡು ಮೊಳೆತವು. ಒಂದನ್ನು ಬಸವನಹುಳ ತಿಂದಿತು. ಉಳಿದ ಒಂದು ಬಳ್ಳಿಯ ಮೇಲೆ ಅತ್ತೆಯ ಅಷ್ಟು ವರ್ಷದ ಬೀಜ ನಿಂತಿತ್ತು. ಆ ವರ್ಷ ನಮ್ಮನೆಯವರೇ ಅದಕ್ಕೆ ಕಾರಿನ ಜಾಗ ಬಿಟ್ಟುಕೊಟ್ಟು ಚಪ್ಪರ ಹಾಕಿದರು. ಕಾರು ಇಡೀ ಮಳೆಗಾಲ ರಸ್ತೆಯಲ್ಲಿ ನೆನೆಯಿತು.

ಅಂದಿನಿಂದ ಪ್ರತಿ ವರ್ಷ ಒಂದು ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲೇ ತೊಟ್ಟು ಒಣಗುವವರೆಗೆ ಬಿಡುತ್ತೇನೆ. ಕೊಯ್ದು ಕೆಲವು ವಾರ ಇಟ್ಟು, ಬೀಜ ತೆಗೆದು ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕುತ್ತೇನೆ. ಒಂದೇ ಮನೆಯಲ್ಲಿ ಇಡುವುದಿಲ್ಲ. ನಾಲ್ಕು ಮನೆಗೆ ಕೊಡುತ್ತೇನೆ. ನನ್ನಲ್ಲಿ ಹೋದರೆ ಅವರಲ್ಲಿ ಇರುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಬೀಜ ಹಂಚಿಕೊಳ್ಳುತ್ತ ಇದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತಿದ್ದಾರೆ. ಬೀಜ ಸಿಗುವುದಿಲ್ಲ ಎನ್ನುವವರು ಮೊದಲು ಅಕ್ಕಪಕ್ಕದ ಮನೆಯ ಅಟ್ಟವನ್ನು ಕೇಳಲಿ.

ಜಾಗವಿಲ್ಲ ಎನ್ನುವುದು ಕೊನೆಯ ನೆಪ. ತಾರಸಿಯ ಮೇಲೆ ಬಿಸಿಲಿದ್ದರೆ ಒಂದು ದೊಡ್ಡ ಗೊಬ್ಬರದ ಚೀಲದಲ್ಲಿ ಒಂದು ಬಳ್ಳಿ ಬರುತ್ತದೆ. ಕಾಯಿ ಎರಡೇ ಬಿಡಲಿ, ಒಂದೇ ಬಿಡಲಿ, ನಿಮಗೆ ಬೇಕಾದ್ದು ಹೂವು. ಬೆಳಿಗ್ಗೆ ಕಿತ್ತು, ಒಳಗೆ ಇರುವೆ ಇದೆಯೇ ನೋಡಿ, ಕೇಸರವನ್ನೂ ಹೊರಗಿನ ಹಸಿರು ಎಸಳನ್ನೂ ತೆಗೆದು ಹೆಚ್ಚಿಕೊಳ್ಳಿ. ಒಗ್ಗರಣೆಗೆ ಹಾಕಿದರೆ ಎರಡು ನಿಮಿಷದಲ್ಲಿ ಬೇಯುತ್ತದೆ. ಕಹಿ ಎನಿಸಿದರೆ ಉಗಿದುಬಿಡಿ, ಕಹಿ ಕುಂಬಳದ ಜಾತಿಯನ್ನು ತಿನ್ನಬಾರದು.

ಹೋಟೆಲಿನಿಂದ ಬಂದ ಮೇಲೆ ಮೊಮ್ಮಗಳಿಗೆ ಐದು ಬೀಜ ಅಂಚೆಯಲ್ಲಿ ಕಳಿಸಿದ್ದೆ. ಒಂದೂವರೆ ತಿಂಗಳ ಮೇಲೆ ಫೋನು ಬಂತು, ಅಳುವುದೊಂದೇ ಬಾಕಿ. "ಅಜ್ಜೀ, ಎಲ್ಲಾ ಗಂಡು ಹೂವೇ ಬರ್ತಿದೆ. ಒಂದೂ ಕಾಯಿ ಇಲ್ಲ."

"ಎಷ್ಟಿವೆ?" ಎಂದೆ.

"ಒಂಬತ್ತು."

"ಹಾಗಾದರೆ ಬಾಣಲೆ ಇಡು ಅಂತ ಅಮ್ಮನಿಗೆ ಹೇಳು" ಎಂದೆ.