ಟ್ಯಾಂಕಿನ ಆಯುಷ್ಯ, ನದಿಯ ಆಯುಷ್ಯ

ಮುದ್ದೇಬಿಹಾಳ ಸೀಮೆಯು ಆಲಮಟ್ಟಿ ಮತ್ತು ನಾರಾಯಣಪುರ ಅಣೆಕಟ್ಟುಗಳ ನಡುವಣ ನಾಡು. ಮಹಾಬಳೇಶ್ವರದ ಘಟ್ಟದಲ್ಲಿ ಹುಟ್ಟಿದ ಕೃಷ್ಣೆಯೂ ಕಣಕುಂಬಿಯ ಕಾಡಿನಲ್ಲಿ ಹುಟ್ಟಿದ ಮಲಪ್ರಭೆಯೂ ಕೂಡಲಸಂಗಮದಲ್ಲಿ ಒಂದಾಗಿ ಈ ನಾಡಿನ ಅಂಚಿನಲ್ಲಿ ಹಿನ್ನೀರಾಗಿ ನಿಲ್ಲುತ್ತವೆ. ಬೆಟ್ಟದವರಾದ ನಮಗೂ ಆ ಬಯಲಿನವರಿಗೂ ಇರುವುದು ನೀರಿನ ನಂಟು. ಆದ್ದರಿಂದಲೇ ಅಲ್ಲಿನ ಕಾರ್ಖಾನೆಗಳ ಅಂಗಳದಲ್ಲಿ ನಿಂತಿರುವ ಟ್ಯಾಂಕುಗಳ ವಿಚಾರ ನಮ್ಮ ವಿಚಾರವೂ ಹೌದು.

ನೀರಾವರಿ ಬಂದಲ್ಲಿಗೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಮುದ್ದೇಬಿಹಾಳದ ಯರಗಲ್, ಇಂಡಿಯ ಮರಗೂರು ಇಂತಹ ಊರುಗಳ ಹೆಸರು ಇಂದು ಕಾರ್ಖಾನೆಗಳೊಡನೆ ಸೇರಿಹೋಗಿದೆ. ನುರಿಸಿದ ಕಬ್ಬಿನ ತೂಕದಲ್ಲಿ ಶೇಕಡಾ 4ರಿಂದ 5ರಷ್ಟು ಕಾಕಂಬಿ ದೊರೆಯುತ್ತದೆ. ಹತ್ತು ಲಕ್ಷ ಟನ್ ಕಬ್ಬು ನುರಿಸಿದರೆ ನಲವತ್ತು ಸಾವಿರ ಟನ್ನಿಗೂ ಮಿಗಿಲಾದ ಕಾಕಂಬಿಯನ್ನು ಎಲ್ಲಿಯಾದರೂ ತುಂಬಿಡಲೇಬೇಕು. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿದ ಮೇಲೆ ಕಾಕಂಬಿಯ ಜೊತೆಗೆ ಎಥೆನಾಲಿನ ಟ್ಯಾಂಕುಗಳೂ ಕಬ್ಬಿನ ಸೀಮೆಯ ನೋಟದ ಭಾಗವಾಗಿವೆ. ಇವುಗಳ ಆಯುಷ್ಯವೆಷ್ಟು? ಅದನ್ನು ಎಣಿಸುವವರು ಯಾರು?

ಉಕ್ಕಿನ ಟ್ಯಾಂಕು ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆಂಬುದು ವಾಡಿಕೆಯ ಮಾತು. ಒಳ್ಳೆಯ ಆರೈಕೆಯಿದ್ದರೆ ಐವತ್ತು ವರ್ಷ ದಾಟಬಹುದು. ಆರೈಕೆಯಿಲ್ಲದಿದ್ದರೆ ಹತ್ತರಲ್ಲಿಯೇ ತೂತು ಬೀಳಬಹುದು. ಟ್ಯಾಂಕಿನ ಆಯುಷ್ಯವನ್ನು ಕ್ಯಾಲೆಂಡರಿನಿಂದ ಅಳೆಯಲಾಗದು, ತಗಡಿನ ದಪ್ಪದಿಂದ ಅಳೆಯಬೇಕು. ವಿದ್ಯಾರ್ಥಿಗಳು ಸುಲಭವಾಗಿ ಮಾಡಬಹುದಾದ ಲೆಕ್ಕವಿದು. ತಗಡು ಈಗ 8 ಮಿಲಿಮೀಟರ್ ಇದೆ, ಸುರಕ್ಷತೆಗೆ ಕನಿಷ್ಠ 5 ಮಿಲಿಮೀಟರ್ ಬೇಕು, ತುಕ್ಕು ವರ್ಷಕ್ಕೆ 0.2 ಮಿಲಿಮೀಟರ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ ಆಯುಷ್ಯ 15 ವರ್ಷ. ತುಕ್ಕಿನ ವೇಗ 0.5ಕ್ಕೆ ಏರಿದರೆ ಅದೇ ಟ್ಯಾಂಕಿಗೆ ಉಳಿದಿರುವುದು 6 ವರ್ಷ ಮಾತ್ರ. ಅಳೆಯದವನಿಗೆ ಈ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಹೊರಗಿನ ಬಣ್ಣ ಎರಡರಲ್ಲೂ ಒಂದೇ ಹೊಳಪಿನದು.

ತುಕ್ಕು ಹೆಚ್ಚಾಗಿ ಹಿಡಿಯುವುದು ಕಣ್ಣಿಗೆ ಕಾಣದ ಕಡೆ, ಅಂದರೆ ತಳದ ತಗಡಿನಲ್ಲಿ. ಕೆಳಗೆ ನೆಲದ ತೇವ, ಮೇಲೆ ತಳಕ್ಕಿಳಿದ ನೀರು ಮತ್ತು ರಾಡಿ. ಕಾಕಂಬಿಯು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರಿಗೆಂದು ಕಟ್ಟಿದ ಟ್ಯಾಂಕಿಗೆ ಅದನ್ನು ತುಂಬುವುದು ಸಲ್ಲದು. ಮುಚ್ಚಳದ ಸಂದಿನಿಂದ ಮಳೆನೀರು ಇಳಿದರೆ ಕಾಕಂಬಿಯ ಮೇಲ್ಪದರ ತೆಳುವಾಗಿ ಹುಳಿಯೇಳುತ್ತದೆ, ಆ ಆಮ್ಲ ಉಕ್ಕನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಬಿಸಿಯೇರಿದರೆ ಅದು ನೊರೆಗಟ್ಟಿ ಉಕ್ಕುವುದೂ ಉಂಟು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಲ್ಲದೆ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಅದರ ಆವಿ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ನಲವತ್ತು ಡಿಗ್ರಿ ಬಿಸಿಲಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇತಿಹಾಸ ಕಲಿಸುವುದೂ ಇದನ್ನೇ. 1919ರ ಜನವರಿ 15ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಐವತ್ತು ಅಡಿ ಎತ್ತರದ ಕಾಕಂಬಿ ಟ್ಯಾಂಕು ಒಡೆದು 21 ಜನ ಸತ್ತರು, ಸುಮಾರು 150 ಜನ ಗಾಯಗೊಂಡರು. ಆ ಟ್ಯಾಂಕು ಹಳೆಯದಾಗಿರಲಿಲ್ಲ. ಕಟ್ಟಿ ಮೂರು ವರ್ಷವಷ್ಟೇ ಆಗಿತ್ತು. ತಗಡು ತೆಳುವಾಗಿತ್ತು, ನೀರು ತುಂಬಿಸಿ ಪೂರ್ಣ ಪರೀಕ್ಷೆ ಮಾಡಿರಲಿಲ್ಲ. ಸೋರಿಕೆ ಕಂಡಾಗ ರಿಪೇರಿಯ ಬದಲು ಸೋರಿದ್ದು ಕಾಣದಂತೆ ಕಂದು ಬಣ್ಣ ಬಳಿಯಲಾಗಿತ್ತು. ನೂರು ವರ್ಷಗಳ ನಂತರ, 2020ರ ಮೇ 7ರಂದು, ವಿಶಾಖಪಟ್ಟಣದಲ್ಲಿ ಹಳೆಯ ಟ್ಯಾಂಕಿನಲ್ಲಿದ್ದ ಸ್ಟೈರೀನ್ ಬಿಸಿಯೇರಿ ಹೊರನುಗ್ಗಿ 12 ಜನರ ಪ್ರಾಣ ಹೋಯಿತು. ಲಾಕ್‌ಡೌನಿನ ದಿನಗಳಲ್ಲಿ ದ್ರವ ನಿಂತಲ್ಲೇ ನಿಂತಿತ್ತು. ಉಷ್ಣತೆಯನ್ನು ತಳದಲ್ಲಿ ಮಾತ್ರ ಅಳೆಯಲಾಗುತ್ತಿತ್ತು, ಕಾವೇರಿದ್ದು ಮೇಲೆ. ಒಂದು ಹೊಸ ಟ್ಯಾಂಕು, ಒಂದು ಹಳೆಯ ಟ್ಯಾಂಕು. ಎರಡರಲ್ಲಿಯೂ ಕೊರತೆಯಾದದ್ದು ವಯಸ್ಸಲ್ಲ, ನಿಗಾ.

ನದಿಯ ಮಾತಿಗೆ ಬರೋಣ. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಬಿಯಾಸ್ ನದಿಗೆ ಸೇರಿತು. ಲೆಕ್ಕವಿಲ್ಲದಷ್ಟು ಮೀನುಗಳು ಸತ್ತು ತೇಲಿದವು. ಕಾಕಂಬಿ ವಿಷವಲ್ಲ, ಸಿಹಿ. ಆದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಹರಿಯುವ ನದಿಯಲ್ಲಿಯೇ ಇಂತಹ ಗತಿಯಾದರೆ, ಎರಡು ಅಣೆಗಳ ನಡುವೆ ನಿಂತ ಹಿನ್ನೀರಿನಲ್ಲಿ ಏನಾದೀತು? ಅದೇ ನೀರನ್ನು ಕುಡಿಯುವ ಊರುಗಳಿವೆ, ಅದೇ ನೀರಿನ ಮೀನುಗಾರರಿದ್ದಾರೆ.

ಟ್ಯಾಂಕಿನೊಳಗೆ ಇಳಿಯುವ ಕೂಲಿಯಾಳನ್ನು ಮರೆಯಬಾರದು. ಹುಳಿತ ಕಾಕಂಬಿಯ ಮೇಲೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಗಾಳಿಯಿರುವುದಿಲ್ಲ. ಒಳಗಿನ ಗಾಳಿಯನ್ನು ಪರೀಕ್ಷಿಸದೆ ಒಬ್ಬನನ್ನು ಇಳಿಸಿದರೆ, ಅವನನ್ನು ಎತ್ತಲು ಇಳಿದವನೂ ಉಳಿಯಲಾರ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಗೋವಿನಜೋಳದ ದಾಸ್ತಾನು ಕುಸಿದು ಬಿಹಾರದಿಂದ ದುಡಿಯಲು ಬಂದ 7 ಜನ ಮಡಿದರು. ಅಲ್ಲಿದ್ದದ್ದು ದ್ರವವಲ್ಲ, ಕಾಳು. ಆದರೆ ದಾಸ್ತಾನಿನ ಭಾರವನ್ನು ಲಘುವಾಗಿ ಕಾಣಬಾರದೆಂಬ ಪಾಠ ಒಂದೇ.

ನಮ್ಮ ಮನೆಯ ಹಿತ್ತಿಲೂ ಈ ಚರ್ಚೆಯ ಹೊರಗಿಲ್ಲ. ರಾಸಾಯನಿಕ ತುಂಬಿ ಬಂದ ನೀಲಿ ಡ್ರಮ್ಮುಗಳು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಕುಡಿಯುವ ನೀರಿಗೂ ಬಳಕೆಯಾಗುತ್ತವೆ. ಅಪಾಯಕಾರಿ ದ್ರವ ಸಾಗಿಸುವ ಪ್ಲಾಸ್ಟಿಕ್ ಡ್ರಮ್ಮಿಗೆ ಅಂತರರಾಷ್ಟ್ರೀಯ ನಿಯಮಗಳು ಸಾಮಾನ್ಯವಾಗಿ ಕೊಟ್ಟಿರುವ ಅವಧಿ 5 ವರ್ಷ. ಪ್ಲಾಸ್ಟಿಕ್ಕು ಹೀರಿಕೊಂಡದ್ದು ತೊಳೆದರೆ ಹೋಗುವುದಿಲ್ಲ. ಅಂತಹ ಡ್ರಮ್ಮಿನಲ್ಲಿ ಕುಡಿಯುವ ನೀರು, ಮೇವು, ಕಾಳು ಇಡಬೇಡಿ.

ಇನ್ನು ಬೇಡಿಕೆಗಳು. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ನಿಯಮಗಳು ದೊಡ್ಡ ದಾಸ್ತಾನುಗಳ ಅಕ್ಕಪಕ್ಕದ ಜನರಿಗೆ ಅಪಾಯದ ಮಾಹಿತಿ ಕೊಡಬೇಕೆನ್ನುತ್ತವೆ. 1996ರ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ಮಟ್ಟದಲ್ಲಿ ಆಪತ್ತಿನ ಸಮಿತಿಗಳಿರಬೇಕೆನ್ನುತ್ತವೆ. ಗ್ರಾಮಸಭೆಗಳು ಇವನ್ನು ಹಿಡಿದು ಕೇಳಲಿ. ಪ್ರತಿ ಟ್ಯಾಂಕನ್ನು ಕಟ್ಟಿದ ವರ್ಷವೆಷ್ಟು? ತಳದ ತಗಡನ್ನು ಕೊನೆಯ ಬಾರಿ ಅಳೆದದ್ದು ಯಾವಾಗ? ಎಣ್ಣೆ ಟ್ಯಾಂಕುಗಳಿಗೆ ಜಗತ್ತು ಪಾಲಿಸುವ ಮಾನದಂಡದಂತೆ 5 ವರ್ಷಕ್ಕೊಮ್ಮೆಯಾದರೂ ಹೊರಗಿನ ತಪಾಸಣೆ ನಡೆದಿದೆಯೇ? ಅತಿ ದೊಡ್ಡ ಟ್ಯಾಂಕು ಪೂರ್ತಿ ಒಡೆದರೂ ದ್ರವವನ್ನು ಹಿಡಿದಿಡುವ ಸುತ್ತುಗೋಡೆ ಇದೆಯೇ? ಆ ಗೋಡೆಯ ಮಳೆನೀರಿನ ತೂಬು ಮುಚ್ಚಿದೆಯೇ, ಹಳ್ಳದ ಕಡೆಗೆ ತೆರೆದಿದೆಯೇ? ಸರಕಾರಿ ಕಚೇರಿಗಳಲ್ಲಿರುವ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಕೋರಲು ಪದವಿ ಕಾಲೇಜಿನ ವಿದ್ಯಾರ್ಥಿಯೂ ಸಾಕು.

ಕಾರ್ಖಾನೆ ಮುಚ್ಚಬೇಕೆಂಬುದು ನಮ್ಮ ವಾದವಲ್ಲ. ಕಬ್ಬು ಬೆಳೆದವನ ಬಾಕಿ ತೀರುವುದು ಕಾರ್ಖಾನೆ ನಡೆದರೆ ಮಾತ್ರ. ಒಂದು ಟ್ಯಾಂಕನ್ನು ಬರಿದು ಮಾಡಿ, ತೊಳೆದು, ಅಳೆಯಲು ತಗಲುವ ಖರ್ಚು ಒಂದು ಹಂಗಾಮಿನ ಲೆಕ್ಕಪತ್ರದ ಒಂದು ಸಾಲು. ಅದನ್ನು ಉಳಿಸಿ ನದಿಯನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಹೊಸ ಟ್ಯಾಂಕನ್ನು ಮತ್ತೆ ಕಟ್ಟಬಹುದು, ಕೃಷ್ಣೆಯನ್ನು ಕಟ್ಟಲಾಗದು.